ಡ್ರೈವರನ ತಪ್ಪು ಎಂಬ ಅಗ್ಗದ ತೀರ್ಪು

ಕಿತ್ತೂರಿನ ಹೆದ್ದಾರಿಯಲ್ಲಾಗಲಿ, ಯರಗಟ್ಟಿಯ ಕ್ರಾಸಿನಲ್ಲಾಗಲಿ, ರಾಮದುರ್ಗದ ರಸ್ತೆಯಲ್ಲಾಗಲಿ ಒಂದು ಲಾರಿ ಮಗುಚಿಬಿದ್ದರೆ ಆಂಬುಲೆನ್ಸ್ ಬರುವ ಮೊದಲೇ ತೀರ್ಪು ಬಂದಿರುತ್ತದೆ. 'ಡ್ರೈವರ್ ಕುಡದಿದ್ನಂತ', 'ನಿದ್ದಿ ಹತ್ತಿತ್ತಂತ', 'ಹುಚ್ಚರಂಗ ಹೊಡಕೊಂಡ ಬಂದನಂತ'. ಚಹಾದಂಗಡಿಯ ಈ ಮಾತು ಮರುದಿನದ ಪತ್ರಿಕೆಯಲ್ಲಿ 'ಚಾಲಕನ ನಿಯಂತ್ರಣ ತಪ್ಪಿ' ಎಂದಾಗುತ್ತದೆ. ಠಾಣೆಯ ಕಾಗದದಲ್ಲಿ 'ಅತಿವೇಗ ಹಾಗೂ ನಿರ್ಲಕ್ಷ್ಯತನದಿಂದ' ಎಂದಾಗುತ್ತದೆ. ದಿಲ್ಲಿ ಮುಟ್ಟುವ ಹೊತ್ತಿಗೆ 'ಇನ್ನಷ್ಟು ಕಠಿಣ ಶಿಕ್ಷೆ' ಎಂಬ ಕಲಮಾಗಿರುತ್ತದೆ. ಓದಿದವರು, ಓದದವರು, ಕಾರಿನವರು, ಬೈಕಿನವರು, ಅಧಿಕಾರಿ, ಪುಢಾರಿ ಎಲ್ಲರೂ ಇಷ್ಟು ಸಲೀಸಾಗಿ ಒಪ್ಪುವ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಇಷ್ಟು ಜನರಿಗೆ ಇಷ್ಟು ಅನುಕೂಲವಾದ ಮಾತಾದ್ದರಿಂದಲೇ ಅದನ್ನು ಸಂಶಯದಿಂದ ನೋಡಬೇಕು. ಲಾರಿ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಭಾರ ಹೊರಬೇಕು, ಎಷ್ಟರೊಳಗೆ ಮುಟ್ಟಬೇಕು, ಓಡಿಸುವವನಿಗೆ ಯಾವ ಲೆಕ್ಕದಲ್ಲಿ ರೊಕ್ಕ ಸಿಗಬೇಕು ಎಂಬ ನಾಲ್ಕು ತೀರ್ಮಾನಗಳಲ್ಲಿ ಒಂದನ್ನೂ ಡ್ರೈವರ್ ಮಾಡುವುದಿಲ್ಲ. ಆ ತೀರ್ಮಾನಗಳ ಫಲ ರಸ್ತೆಗೆ ಬಿದ್ದಾಗ ಮಾತ್ರ ಅದರ ಪೂರ್ತಿ ಹೊಣೆ ಅವನೊಬ್ಬನದಾಗುತ್ತದೆ. ಇದನ್ನು ನ್ಯಾಯ ಎನ್ನಲಾಗದು. ಇದರಿಂದ ರಸ್ತೆ ಸುರಕ್ಷಿತವೂ ಆಗಿಲ್ಲ.

ಡ್ರೈವರನ ಮೇಲೆ ಬೆರಳು ಮಾಡುವವರ ದೊಡ್ಡ ಬಲ ಸರಕಾರದ ಅಂಕಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ 2015ರಲ್ಲಿ ದೇಶದ ಅಪಘಾತಗಳ ಪೈಕಿ ಶೇ 77.1ರಷ್ಟಕ್ಕೆ ಎಲ್ಲ ಬಗೆಯ ವಾಹನಗಳ ಚಾಲಕರ ತಪ್ಪೇ ಕಾರಣ ಎಂದಿತು. ಮರುವರ್ಷ, 2016ರಲ್ಲಿ, ಆ ಪ್ರಮಾಣ ಶೇ 84ಕ್ಕೆ ಏರಿತು. ಹನ್ನೆರಡು ತಿಂಗಳಲ್ಲಿ ಇಡೀ ದೇಶದ ಚಾಲಕರು ಅಷ್ಟು ಕೆಟ್ಟುಹೋದರೆಂದು ಯಾರೂ ನಂಬಲಾರರು. ಈ ಅಂಕಿ ಹೇಳುವುದು ಪೊಲೀಸರು ಕಾರಣಗಳ ಪಟ್ಟಿಯ ಯಾವ ಮನೆಗೆ ಗುರುತು ಹಾಕಿದರು ಎಂಬುದನ್ನೇ ಹೊರತು ರಸ್ತೆಯಲ್ಲಿ ನಡೆದದ್ದನ್ನಲ್ಲ. ಠಾಣೆಯ ಅಧಿಕಾರಿಗೆ ಬೇಕಾದದ್ದು ಆರೋಪಿ. ರಸ್ತೆಯ ತಿರುವು ತಪ್ಪಾಗಿದೆ ಎಂದು ಬರೆದರೆ ಇನ್ನೊಂದು ಸರಕಾರಿ ಇಲಾಖೆಯ ಮೇಲೆ ದೂರು ಕೊಟ್ಟಂತೆ. ಡ್ರೈವರ್ ಎಂದು ಬರೆದರೆ ಯಾರ ತಕರಾರೂ ಇಲ್ಲ. ಆಮೇಲಿನ ವರ್ಷಗಳಲ್ಲಿ ಪಟ್ಟಿಯ ರೂಪ ಬದಲಾಯಿತು, ಗುಣ ಬದಲಾಗಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 70ಕ್ಕೂ ಹೆಚ್ಚು ಸಾವು 'ಅತಿವೇಗ'ದ ಖಾತೆಗೆ ಹೋಯಿತು. ಹೆಸರಿಟ್ಟು ಹೇಳಿದ ಉಳಿದ ಕಾರಣಗಳು ಯಾವುವೆಂದು ನೋಡಿದರೆ ಕುಡಿತ, ತಪ್ಪು ಬದಿಯ ಚಾಲನೆ, ಕೆಂಪು ದೀಪ ದಾಟಿದ್ದು, ಮೊಬೈಲ್. ಎಲ್ಲವೂ ಸ್ಟಿಯರಿಂಗ್ ಹಿಡಿದವನ ಮೈಗಂಟಿದವೇ. ಚಾಲಕ ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದ, ಗಾಡಿಯ ಮೇಲೆ ಎಷ್ಟು ಟನ್ ಇತ್ತು, ಅದನ್ನು ಹೇರಿಸಿದವರು ಯಾರು ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಬಾರದ್ದನ್ನೇ ಪುರಾವೆ ಎಂದು ಎತ್ತಿ ತೋರಿಸುವುದು ಎಂಥ ತರ್ಕ?

ಇದನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಬೆಳಗಾವಿ, ಎಂ.ಕೆ.ಹುಬ್ಬಳ್ಳಿ, ಕಿತ್ತೂರು ದಾಟಿ ಧಾರವಾಡದ ನರೇಂದ್ರದವರೆಗೆ ನಾಲ್ಕು ಪಥವಾಗಿ ಬರುತ್ತಿತ್ತು. ಅಲ್ಲಿಂದ ಹುಬ್ಬಳ್ಳಿಯ ಗಬ್ಬೂರಿನವರೆಗಿನ ಸುಮಾರು 30 ಕಿಲೋಮೀಟರ್ ಬೈಪಾಸ್ ಮಾತ್ರ ವರ್ಷಾನುಗಟ್ಟಲೆ ಎರಡೇ ಪಥವಾಗಿ ಉಳಿಯಿತು. ನಡುವೆ ವಿಭಜಕವಿಲ್ಲದ ಆ ರಸ್ತೆಯಲ್ಲಿ 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಮಿನಿಬಸ್ಸಿಗೂ ಟಿಪ್ಪರಿಗೂ ಮುಖಾಮುಖಿ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಎಷ್ಟೋ ಮೊದಲೇ ಜನ ಅದನ್ನು ಸಾವಿನ ಹೆದ್ದಾರಿ ಎಂದು ಕರೆಯುತ್ತಿದ್ದರು. ಕಿತ್ತೂರು ದಾಟಿ ಬಂದ ಡ್ರೈವರೇ ಅರ್ಧ ತಾಸಿನ ಬಳಿಕ ಆ ಬೈಪಾಸಿಗೆ ಇಳಿಯುತ್ತಾನೆ. ಅದೇ ಲಾರಿ, ಅದೇ ಮೈ, ಅದೇ ನಿದ್ದೆ. ದೋಷ ಡ್ರೈವರನಲ್ಲೇ ಇದ್ದಿದ್ದರೆ ಸಾವುಗಳು ಹೆದ್ದಾರಿಯುದ್ದಕ್ಕೂ ಸಮನಾಗಿ ಹರಡಬೇಕಿತ್ತು. ಆ ಮೂವತ್ತು ಕಿಲೋಮೀಟರಿಗೇ ಅಂಥ ಹೆಸರು ಬಂತೆಂದರೆ ಆ ತುಣುಕನ್ನು ಹಾಗೆ ಬಿಟ್ಟವರ ತೀರ್ಮಾನವೂ ಅಪಘಾತದಲ್ಲಿ ಪಾಲುದಾರ. ಅಗಲಿಸುವ ಕೆಲಸಕ್ಕೆ ವೇಗ ಬಂದದ್ದು ಆ ದುರಂತದ ನಂತರ. ಅಂದರೆ ಕೆಟ್ಟದ್ದು ಬರೀ ಡ್ರೈವರನಲ್ಲ, ರಸ್ತೆಯೂ ಹೌದು ಎಂದು ಸರಕಾರವೇ ಕೈಯಾರೆ ಒಪ್ಪಿಕೊಂಡಂತಾಯಿತು, ಬಾಯಾರೆ ಅಲ್ಲ.

ರಸ್ತೆಗಿಂತ ದೊಡ್ಡ ಕಾರಣ ಹೊತ್ತಿನದು. ಬೆಳಗಾವಿ ಸೀಮೆಯ ತೊರಗಲ್ ನಾಡಿನಲ್ಲಿ ಮಲಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು ಬೆಳೆದಿದೆ. ಎಂ.ಕೆ.ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗದ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮು ಶುರುವಾದರೆ ಗದ್ದೆಯಲ್ಲಿ ಗ್ಯಾಂಗಿನವರು ಕಡಿದು ಹೇರುವತನಕ ಗಾಡಿ ಕಾಯಬೇಕು. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಬರುವತನಕ ಮತ್ತೆ ಕಾಯಬೇಕು. ಪಾಳಿ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಗಾಡಿ ಇಷ್ಟಿಷ್ಟೇ ಮುಂದೆ ಸರಿಯುತ್ತಿರಬೇಕಾದ್ದರಿಂದ ಮಲಗುವಂತೆಯೂ ಇಲ್ಲ. ಬೈಲಹೊಂಗಲದ ಎಪಿಎಂಸಿಯಿಂದ ಹತ್ತಿ, ಸೋಯಾ, ಹೆಸರು ಹೇರಿ ಹೊರಡುವ ಲಾರಿಯದೂ ಇದೇ ಪಾಡು. ಅಡತಿಯ ಲೆಕ್ಕ ಮುಗಿಯಬೇಕು, ಹಮಾಲರ ಕೈ ಬಿಡುವಾಗಬೇಕು, ತಾಡಪತ್ರಿ ಬಿಗಿಯಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಈ ಕಾಯುವ ಹೊತ್ತಿಗೆ ಯಾರೂ ಬಿಡಿಗಾಸು ಕೊಡುವುದಿಲ್ಲ. ಡ್ರೈವರನಿಗೆ ಸಿಗುವುದು ಟ್ರಿಪ್ಪಿನ ಲೆಕ್ಕ ಅಥವಾ ಟನ್ನಿನ ಲೆಕ್ಕ. ಹೀಗಿರುವಾಗ ಹಗಲೆಲ್ಲ ಕಾದು ಕಳೆದ ಗಂಟೆಗಳನ್ನು ಅವನು ಎರಡೇ ಕಡೆಯಿಂದ ವಸೂಲು ಮಾಡಿಕೊಳ್ಳಬಲ್ಲ, ತನ್ನ ನಿದ್ದೆಯಿಂದ ಅಥವಾ ಗಾಡಿಯ ವೇಗದಿಂದ. 2020ರಲ್ಲಿ ಸೇವ್‌ಲೈಫ್ ಫೌಂಡೇಶನ್ ದೇಶದ ಹತ್ತು ಸಾರಿಗೆ ಕೇಂದ್ರಗಳಲ್ಲಿ 1,200ಕ್ಕೂ ಹೆಚ್ಚು ಲಾರಿ ಚಾಲಕರನ್ನು ಮಾತಾಡಿಸಿದಾಗ ದಿನಕ್ಕೆ ಸರಾಸರಿ 12 ತಾಸು ಓಡಿಸುತ್ತೇವೆ ಎಂದರು. ಸುಮಾರು ಅರ್ಧದಷ್ಟು ಮಂದಿ ದಣಿವು, ತೂಕಡಿಕೆ ಇದ್ದಾಗಲೂ ಗಾಡಿ ಓಡಿಸುತ್ತೇವೆ ಎಂದು ಒಪ್ಪಿಕೊಂಡರು. ದೇಶದ ಅರ್ಧದಷ್ಟು ಡ್ರೈವರುಗಳು ಒಂದೇ ತಪ್ಪು ಮಾಡುತ್ತಿದ್ದರೆ ಅದನ್ನು ಒಬ್ಬೊಬ್ಬರ ಸ್ವಭಾವದ ದೋಷ ಎನ್ನಲಾದೀತೇ? ಅದು ಆ ಉದ್ಯೋಗದ ಕಟ್ಟಳೆಯೇ ಆಗಿಹೋಗಿದೆ. ಕಬ್ಬು ಕಾರ್ಖಾನೆಗೆ ಹೊತ್ತಿಗೆ ಸರಿಯಾಗಿ ಬರುತ್ತದೆ, ವ್ಯಾಪಾರಿಗೆ ಮಾಲು ಬೆಳಗಾಗುವುದರೊಳಗೆ ಮುಟ್ಟುತ್ತದೆ, ಬೆಲೆ ಕೊಟ್ಟವನು ಮಾತ್ರ ಬೇರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಭಾರದ ಕಥೆ ಇನ್ನೂ ಸ್ಪಷ್ಟ. ಅತಿಭಾರದ ಗಾಡಿ ಬ್ರೇಕಿಗೆ ನಿಲ್ಲುವುದಿಲ್ಲ, ತಿರುವಿನಲ್ಲಿ ವಾಲುತ್ತದೆ, ಟಾಯರು ಸಿಡಿಯುತ್ತದೆ. ಕಾನೂನಿಗೆ ಇದು ಗೊತ್ತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಅತಿಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಹೊಣೆ ಎಂದೇ ಆ ಕಲಮು ಹೇಳುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಒಬ್ಬನೇ. ಈಗ ಕಾರ್ಖಾನೆಯ ಕಾಟಾ ಚೀಟಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಗಾಡಿಯ ನಂಬರು, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ ಕಬ್ಬು, ದಿನಾಂಕ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ರೈತನಿಗೆ ರೊಕ್ಕ ಕೊಡಲು ಕಿಲೋದ ತನಕ ತೂಗುವ ಕಾಟಾ ಅದು. ಆ ಗಾಡಿ ಮಿತಿಗಿಂತ ಎಷ್ಟು ಹೆಚ್ಚು ಹೊತ್ತು ಬಂತೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ? ಹಂಗಾಮಿನ ಒಂದೊಂದು ದಿನದ್ದೂ ಪುರಾವೆ ಕಾರ್ಖಾನೆಗಳ ಕಪಾಟಿನಲ್ಲೇ ಇದೆ. ಅದನ್ನು ತೆಗೆದು ನೋಡುವ ಬದಲು ಆರ್‌ಟಿಒ ಜೀಪು ಕತ್ತಲಲ್ಲಿ ಕ್ರಾಸಿಗೆ ನಿಂತು ಒಬ್ಬೊಬ್ಬ ಡ್ರೈವರನನ್ನು ಇಳಿಸುತ್ತದೆ. ಟ್ರಾಲಿಗಳಿಗೆ ರಿಫ್ಲೆಕ್ಟರ್ ಅಂಟಿಸುವ ಅಭಿಯಾನವೂ ಹೀಗೆಯೇ. ಪೊಲೀಸರು ಪ್ರತಿ ಹಂಗಾಮಿನಲ್ಲೂ ರಸ್ತೆಬದಿಗೆ ನಿಂತು ಪಟ್ಟಿ ಅಂಟಿಸುತ್ತಾರೆ, ಹಿಂದಕ್ಕೆ ಚಾಚಿದ ಕಬ್ಬಿನ ಸೋಗೆಯಲ್ಲಿ ಅದೇ ಪಟ್ಟಿ ಮುಚ್ಚಿಹೋಗುತ್ತದೆ. ದೀಪ ಕಾಣದ ಟ್ರಾಲಿಯನ್ನು ಒಳಗೆ ಬಿಡುವುದಿಲ್ಲವೆಂದು ಗೇಟಿನಲ್ಲಿ ಒಂದು ವಾರ ಹಟ ಹಿಡಿದರೆ ಮುಗಿಯುವ ಕೆಲಸ ಇದು.

ಕೆಲಸದ ವೇಳೆಗೆ ಕಾನೂನೇ ಇಲ್ಲವೇ ಎಂದು ಕೇಳಬಹುದು. ಇತ್ತು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಎಂದಿತ್ತು. ಆದರೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ನಮ್ಮ ಕಡೆ ಲಾರಿ ಮಾಲೀಕ ಎಂದರೆ ಒಂದು ಗಾಡಿ, ಹೆಚ್ಚೆಂದರೆ ಎರಡು ಗಾಡಿಯವನು. ಅಂದರೆ ಯಾರಿಗೆ ಕಾನೂನಿನ ಆಸರೆ ಹೆಚ್ಚು ಬೇಕೋ ಅವರೇ ಅದರ ಹೊರಗೆ. ಆ ಕಾಯ್ದೆಯ ಜಾಗಕ್ಕೆಂದು 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಈ ತೂತನ್ನು ಮುಚ್ಚಬೇಕಿತ್ತು. ಅದು ಐದಿದ್ದ ಮಿತಿಯನ್ನು ಹತ್ತಕ್ಕೆ ಏರಿಸಿತು. ಒಂದೆಡೆ ಡ್ರೈವರನ ಜೈಲುವಾಸದ ವರ್ಷ ಹೆಚ್ಚಿಸುವ, ಇನ್ನೊಂದೆಡೆ ಅವನ ವಿಶ್ರಾಂತಿಯ ಹಕ್ಕನ್ನು ಕಿರಿದು ಮಾಡುವ ಸರಕಾರದ ಮಾತಿನಲ್ಲಿ 'ರಸ್ತೆ ಸುರಕ್ಷತೆ' ಎಂಬುದಕ್ಕೆ ಏನರ್ಥ ಉಳಿಯಿತು? ಹೊಸ ಲಾರಿಗಳ ಕ್ಯಾಬಿನ್ನಿಗೆ 2025ರಿಂದ ಎ.ಸಿ. ಕಡ್ಡಾಯ ಮಾಡಿದ್ದು ಒಳ್ಳೆಯದೇ. ಆದರೆ ತಂಪು ಕ್ಯಾಬಿನ್ನು ನಿದ್ದೆಯ ತಾಸು ಕೊಡುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2006ರ ನಿಯಮದಂತೆ ದಿನಕ್ಕೆ ಒಂಬತ್ತು ತಾಸಿನ ಚಾಲನೆ, ವಾರದಲ್ಲಿ ಎರಡು ದಿನ ಹತ್ತರವರೆಗೆ. ನಾಲ್ಕೂವರೆ ತಾಸು ಓಡಿಸಿದ ಮೇಲೆ ಮುಕ್ಕಾಲು ತಾಸಿನ ಬಿಡುವು ಕಡ್ಡಾಯ, ಎಲ್ಲವನ್ನೂ ಗಾಡಿಯಲ್ಲಿರುವ ಯಂತ್ರ ಬರೆದಿಡುತ್ತದೆ. ರಸ್ತೆ ಸುರಕ್ಷತೆಗೆ ಕುತ್ತು ತರುವ ಹಾಗೆ ದೂರದ ಲೆಕ್ಕದಲ್ಲೋ ಮಾಲಿನ ಲೆಕ್ಕದಲ್ಲೋ ಡ್ರೈವರನಿಗೆ ಸಂಬಳ ಕೊಡಕೂಡದು ಎಂದೂ ಆ ನಿಯಮ ಹೇಳುತ್ತದೆ. ಅಲ್ಲಿನವರು ಸಂಬಳದ ಲೆಕ್ಕಕ್ಕೂ ಸಾವಿಗೂ ಇರುವ ನಂಟನ್ನು ಕಾನೂನಿನಲ್ಲೇ ಬರೆದಿಟ್ಟರು, ನಾವು ಅದನ್ನು ಬಾಡಿಗೆಯ ವ್ಯವಹಾರವೆಂದು ಬಿಟ್ಟೆವು.

ಇಲ್ಲಿ ಏಳುವ ಮೊದಲ ಆಕ್ಷೇಪಣೆ ಹಗುರವಾದದ್ದಲ್ಲ. ಕಾಯಿಸಿದ್ದು ಕಾರ್ಖಾನೆಯೇ ಇರಲಿ, ಹೇರಿಸಿದ್ದು ವ್ಯಾಪಾರಿಯೇ ಇರಲಿ, ಕುಡಿದವನು ತಾನೇ ಅಲ್ಲವೇ? ತೂಕಡಿಕೆ ಬಂದಾಗ ಗಾಡಿ ಬದಿಗೆ ಹಾಕಿ ಮಲಗದಿದ್ದವನು ಯಾರು? ಕುಡಿದು ಓಡಿಸುವವನಿಗೆ ಶಿಕ್ಷೆ ಆಗಲೇಬೇಕು, ಅದಕ್ಕೆ ಈ ಲೇಖನದ ತಕರಾರಿಲ್ಲ. ಆದರೆ ಬದಿಗೆ ಹಾಕಿ ಮಲಗು ಎಂಬ ಉಪದೇಶಕ್ಕೆ ಬದಿ ಎಂಬುದೊಂದು ಇರಬೇಕಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ, ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದ ಭಕ್ತರ ವಾಹನ ಹೆದ್ದಾರಿ ಬದಿ ನಿಂತಿದ್ದ ಲಾರಿಗೆ ಗುದ್ದಿ 13 ಜನ ಸತ್ತರು. ಓಡುವ ಲಾರಿ ಅಪರಾಧಿ, ನಿಂತ ಲಾರಿಯೂ ಅಪರಾಧಿ ಎಂದಾದರೆ ಡ್ರೈವರ್ ಗಾಡಿಯನ್ನು ಎಲ್ಲಿಡಬೇಕು? ಟೋಲ್ ವಸೂಲಿಗೆ ಜಾಗವಿರುವ ಹೆದ್ದಾರಿಯಲ್ಲಿ ದೀಪ, ಶೌಚಾಲಯ, ಕಾವಲು ಇರುವ ಲಾರಿ ತಂಗುದಾಣಕ್ಕೆ ಜಾಗವಿಲ್ಲ. ಢಾಬಾದ ಅಂಗಳ ತುಂಬಿದ್ದರೆ ಡೀಸೆಲ್ ಕದಿಯುವವರ, ತಾಡಪತ್ರಿ ಕೊಯ್ಯುವವರ ಭಯದಲ್ಲಿ ರಸ್ತೆಯ ಅಂಚೇ ಗತಿ. ಗಾಡಿ ಕೆಟ್ಟರೆ ಗಾಲಿಗೆ ಕಲ್ಲು ಕೊಟ್ಟು ಹಿಂದೆ ಗಿಡದ ಟೊಂಗೆ ಇಡುವುದೇ ಇಂದಿಗೂ ನಮ್ಮ ಎಚ್ಚರಿಕೆಯ ಫಲಕ. ರೈಲು ಅಪಘಾತವಾದರೆ ರೈಲ್ವೆ ಸುರಕ್ಷತಾ ಆಯುಕ್ತರು ಸಿಗ್ನಲ್, ಹಳಿ, ಲೋಕೋ ಪೈಲಟ್ಟಿನ ಡ್ಯೂಟಿಯ ತಾಸು ಎಲ್ಲವನ್ನೂ ವಿಚಾರಿಸುತ್ತಾರೆ. ಲೋಕೋ ಪೈಲಟ್ ತಪ್ಪು ಮಾಡುವುದಿಲ್ಲವೆಂದಲ್ಲ, ಮನುಷ್ಯ ತಪ್ಪು ಮಾಡುತ್ತಾನೆಂದು ತಿಳಿದೇ ಉಳಿದದ್ದನ್ನು ಕೇಳುತ್ತಾರೆ. ಲಾರಿ ಡ್ರೈವರನೂ ಮನುಷ್ಯನೇ.

ಎರಡನೆಯ ಆಕ್ಷೇಪಣೆ ಶಿಕ್ಷೆಯದು. ಗುದ್ದಿ ಓಡಿಹೋಗುವವರನ್ನು ಬಿಗಿಯಬೇಡವೇ? ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಎರಡು ವರ್ಷದವರೆಗಿನ ಶಿಕ್ಷೆಯಿತ್ತು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿತು. ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಎಂದು ಎರಡನೆಯ ಉಪಕಲಮು ಸೇರಿಸಿತು. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಲಾರಿಗಳು ಮುಷ್ಕರದಲ್ಲಿ ನಿಂತದ್ದು ಇದಕ್ಕೆ. ಸಂಹಿತೆ ಆ ವರ್ಷದ ಜುಲೈ 1ರಂದು ಜಾರಿಗೆ ಬಂದಾಗ ಈ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ಅಪಘಾತ ಮಾಡಿ ಓಡುವ ಹಕ್ಕು ಬೇಕೆಂದು ಡ್ರೈವರುಗಳು ಕೂಗಾಡಿದರೆಂದು ಆಗ ಎಷ್ಟೋ ಜನ ಹೀಗಳೆದರು. ಅವರು ಮೋಟಾರು ವಾಹನ ಕಾಯ್ದೆಯ 134ನೇ ಕಲಮನ್ನು ಓದಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಎನ್ನುವ ಆ ಕಲಮು, ರೊಚ್ಚಿಗೆದ್ದ ಗುಂಪಿನ ಭಯದಿಂದ ಅದು ಅಸಾಧ್ಯವಾದಾಗ ಎಂಬ ವಿನಾಯಿತಿಯನ್ನೂ ಬರೆದಿದೆ. ಡ್ರೈವರನನ್ನು ಕೆಳಗೆಳೆದು ಬಡಿಯುವುದು, ಲಾರಿಗೆ ಬೆಂಕಿ ಇಡುವುದು ನಮ್ಮ ರಸ್ತೆಗಳಲ್ಲಿ ನಡೆಯುತ್ತದೆಂದು ಕಾನೂನಿಗೇ ಗೊತ್ತಿತ್ತು. ನಿಂತರೆ ಗುಂಪು, ಓಡಿದರೆ ಹತ್ತು ವರ್ಷ ಎಂಬ ಇಕ್ಕಟ್ಟಿಗೆ ಅವನನ್ನು ತಳ್ಳಿದವರು ಗುಂಪಿನ ಮೇಲೆ ಎಷ್ಟು ಕೇಸು ಹಾಕಿದ್ದಾರೆ? ಶಿಕ್ಷೆಯ ಭಯ ಕೆಲಸ ಮಾಡುವುದು ಬೇರೆ ದಾರಿ ಇದ್ದವನ ಮೇಲೆ. ರೆಪ್ಪೆ ತಾನಾಗಿ ಮುಚ್ಚುವ ನಸುಕಿನ ನಾಲ್ಕು ಗಂಟೆಯಲ್ಲಿ ಎರಡು ವರ್ಷವೂ ಒಂದೇ, ಹತ್ತು ವರ್ಷವೂ ಒಂದೇ.

ಮೂರನೆಯವರು ಖರ್ಚಿನ ಮಾತೆತ್ತುತ್ತಾರೆ. ತಾಸಿನ ಮಿತಿ ಹಾಕಿದರೆ, ಎರಡನೆಯ ಡ್ರೈವರ್ ಇಟ್ಟರೆ, ಭಾರ ಇಳಿಸಿದರೆ ಬಾಡಿಗೆ ಏರುತ್ತದೆ, ಆ ಹೊರೆ ರೈತನ ಮೇಲೆ ಬೀಳುತ್ತದೆ. ಒಂದು ಗಾಡಿಯ ಮಾಲೀಕ ಕಂತು ಕಟ್ಟಲಾಗದೆ ಮುಳುಗುತ್ತಾನೆ. ಇದರಲ್ಲಿ ಸತ್ಯವಿದೆ. ಕಬ್ಬಿನ ನ್ಯಾಯ ಮತ್ತು ಲಾಭದಾಯಕ ದರ ಎಂದರೆ ಕಾರ್ಖಾನೆ ಬಾಗಿಲಿನ ದರ. ಕಟಾವು, ಸಾಗಣೆಯ ಖರ್ಚು ರೈತನ ಬಿಲ್ಲಿನಿಂದಲೇ ಮುರಿದುಕೊಳ್ಳುತ್ತದೆ. ಆದರೆ ಕಾಯಿಸುವ ಖರ್ಚು ರೈತ ಹುಟ್ಟಿಸಿದ್ದಲ್ಲ. ಅರೆಯುವ ಶಕ್ತಿಗೆ ತಕ್ಕಂತೆ ಕಟಾವಿನ ಚೀಟಿ ಕೊಡುವುದು, ಗಾಡಿಗೆ ಬರುವ ಹೊತ್ತು ಗೊತ್ತುಮಾಡುವುದು ಕಾರ್ಖಾನೆಯ ಕೈಯಲ್ಲಿದೆ. ಗೊತ್ತಾದ ಹೊತ್ತು ಮೀರಿ ಕಾಯಿಸಿದರೆ ತಾಸಿಗಿಷ್ಟೆಂದು ಕಾರ್ಖಾನೆಯೇ ತೆರಬೇಕು, ರೈತನ ಬಿಲ್ಲಿನಿಂದ ಮುರಿಯಕೂಡದು ಎಂದರೆ ಯಾರ್ಡಿನ ಪಾಳಿ ತಾನಾಗಿ ಕರಗುತ್ತದೆ. ಈಗ ಆ ಕಾಯುವಿಕೆ ಪುಕ್ಕಟೆಯಾದ್ದರಿಂದಲೇ ಅದಕ್ಕೆ ಕೊನೆಯಿಲ್ಲ. ಇನ್ನು, ಖರ್ಚು ಈಗ ಇಲ್ಲವೆಂದು ಯಾರು ಹೇಳಿದರು? 2022ರಲ್ಲಿ ಸತ್ತವರಲ್ಲಿ ಸುಮಾರು ಹತ್ತು ಸಾವಿರ ಮಂದಿ ಲಾರಿಯೊಳಗೇ ಇದ್ದವರು, ಅಂದರೆ ಹೆಚ್ಚುಪಾಲು ಡ್ರೈವರ್, ಕ್ಲೀನರುಗಳು. ಅವರ ಮನೆಯವರು ಕಟ್ಟುತ್ತಿರುವ ಬೆಲೆ ಯಾವ ಬಿಲ್ಟಿಯಲ್ಲೂ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಟ್ರಿಪ್ಪಿನ ಲೆಕ್ಕವೇ ಇರಲಿ ಎಂದು ಡ್ರೈವರುಗಳೇ ಕೇಳುತ್ತಾರಲ್ಲ ಎಂಬವರಿಗೂ ಉತ್ತರ ಸರಳ: ತಿಂಗಳ ಸಂಬಳ ಬಾಳುವೆಗೆ ಸಾಲದಿದ್ದಾಗ ಹಾಗೆ ಕೇಳುವುದನ್ನು ಆಯ್ಕೆ ಎನ್ನುವುದಿಲ್ಲ.

ನಮ್ಮ ನಾಡಿನದೇ ಒಂದು ಸಾವಿನ ರಾತ್ರಿ ಈ ವಾದವನ್ನೆಲ್ಲ ಒಟ್ಟಿಗೆ ಹಿಡಿದಿಡುತ್ತದೆ. 2023ರ ಜನವರಿ ಮೊದಲ ವಾರದ ಒಂದು ನಡುರಾತ್ರಿ, ಬನದ ಹುಣ್ಣಿಮೆಗೆಂದು ರಾಮದುರ್ಗ ತಾಲ್ಲೂಕಿನ ಹುಲಕುಂದದಿಂದ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರನ್ನು ಹೊತ್ತ ಸರಕು ಸಾಗಣೆಯ ವಾಹನ ಚುಂಚನೂರಿನ ಹತ್ತಿರ ಆಲದ ಮರಕ್ಕೆ ಗುದ್ದಿ ಆರು ಮಂದಿ ಸತ್ತರು. ಸರಕಿನ ಗಾಡಿಯಲ್ಲಿ ಜನರನ್ನು ಹತ್ತಿಸಕೂಡದು ಎಂಬುದು ಕಾನೂನು, ಚಾಲಕ ಅದನ್ನು ಮುರಿದ ಎಂಬುದೂ ನಿಜ. ಆದರೆ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳನ್ನು, ಮದುವೆಯ ದಿಬ್ಬಣವನ್ನು, ಪಕ್ಷದ ಸಭೆಗೆ ಜನವನ್ನು ಸರಕಿನ ಗಾಡಿಯಲ್ಲಿ ತುಂಬಿ ಒಯ್ಯುವುದನ್ನು ದಿನಾ ನೋಡಿ ಸುಮ್ಮನಿರುವ ನಾಡು, ಆಲದ ಮರಕ್ಕೆ ಗುದ್ದಿದ ದಿನ ಮಾತ್ರ ಕಾನೂನು ನೆನೆಯುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಗುಡ್ಡಕ್ಕೆ ಬರುತ್ತಾರೆಂಬುದು ಪಂಚಾಂಗದಲ್ಲೇ ಇದೆ. ಎಷ್ಟೋ ಜನ ರಾತ್ರಿಯಿಡೀ ನಡೆದೇ ಬರುತ್ತಾರೆಂಬುದೂ ಹೊಸದಲ್ಲ. ಆ ರಾತ್ರಿಗಳಿಗೆ ಪಾದಚಾರಿಗಳ ಬದಿದಾರಿ, ದೀಪ, ಹೆಚ್ಚುವರಿ ಬಸ್ಸು, ಭಾರಿ ವಾಹನಕ್ಕೆ ಬೇರೆ ಮಾರ್ಗ ಗೊತ್ತುಮಾಡುವುದು ಚಾಲಕನ ಕೆಲಸವೇ?

ಆದ್ದರಿಂದ ಕೇಳಬೇಕಾದದ್ದು ಡ್ರೈವರನಿಗೆ ಮಾಫಿಯನ್ನಲ್ಲ, ಹೊಣೆಯ ಪೂರ್ತಿ ಲೆಕ್ಕವನ್ನು. ಪ್ರತಿ ಲಾರಿ ಅಪಘಾತದ ಎಫ್‌ಐಆರಿನಲ್ಲಿ ಮೂರು ಪ್ರಶ್ನೆಗಳು ಕಡ್ಡಾಯವಾಗಲಿ: ಚಾಲಕ ಹಿಂದಿನ 24 ತಾಸಿನಲ್ಲಿ ಎಷ್ಟು ಹೊತ್ತು ಮಲಗಿದ್ದ, ಮಾಲು ಹೇರಿಸಿದವರು ಯಾರು ಮತ್ತು ತೂಕವೆಷ್ಟು, ಮುಟ್ಟಿಸಬೇಕಾದ ಹೊತ್ತನ್ನು ಗೊತ್ತುಮಾಡಿದವರು ಯಾರು. ಉತ್ತರದಲ್ಲಿ ಹೆಸರು ಬಂದವರೆಲ್ಲ ಆರೋಪಪಟ್ಟಿಗೂ ಬರಲಿ. ಆಸ್ಟ್ರೇಲಿಯಾದ ಭಾರಿ ವಾಹನಗಳ ಕಾನೂನು ಮಾಲು ಕಳಿಸಿದವನಿಂದ ಹೇರಿದವನವರೆಗೆ ಎಲ್ಲರನ್ನೂ ಸಾಗಣೆಯ ಸರಪಳಿಯಲ್ಲಿ ಹೊಣೆ ಮಾಡುತ್ತದೆ, ಅಲ್ಲಿನ ವ್ಯಾಪಾರವೇನೂ ನಿಂತಿಲ್ಲ. ಜಿಲ್ಲಾಡಳಿತ ಕಾಟಾ ಚೀಟಿಗಳನ್ನು ವಾರಕ್ಕೊಮ್ಮೆ ತರಿಸಿಕೊಳ್ಳಲಿ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿರುವ ಹತ್ತು ಕೆಲಸಗಾರರ ಮಿತಿ ತೆಗೆದು ಒಂದೇ ಗಾಡಿಯ ಡ್ರೈವರನಿಗೂ ವೇಳೆಯ ನಿಯಮ ಅನ್ವಯಿಸಲಿ. ಸೇವ್‌ಲೈಫ್ ಸಮೀಕ್ಷೆಯಲ್ಲಿ ಶೇ 84ರಷ್ಟು ಡ್ರೈವರುಗಳು ಈ ಕೆಲಸಕ್ಕೆ ನಮ್ಮ ಮನೆಯವರನ್ನು ಕಳಿಸುವುದಿಲ್ಲ ಎಂದರು. ಬೈಯುವುದನ್ನೇ ಸುರಕ್ಷತೆ ಎಂದು ನಂಬಿದ ಸಮಾಜಕ್ಕೆ ಅವರು ಕೊಟ್ಟ ನೋಟಿಸ್ ಅದು. ಅನುಭವಿಗಳು ಬಿಟ್ಟುಹೋದ ಸೀಟಿಗೆ ಪಳಗದ ಹುಡುಗರು ಬಂದು ಕೂರುತ್ತಾರೆ, ಅವರ ಕೈಯಲ್ಲೂ ಅದೇ ಭಾರ, ಅದೇ ಅವಸರ. ತೀರ್ಮಾನ ಮಾಡುವವನೇ ದಂಡವನ್ನೂ ತೆರಬೇಕು ಎಂಬ ನಿಯಮ ಬರುವತನಕ ಡ್ರೈವರನಿಗೆ ಎಷ್ಟು ವರ್ಷದ ಜೈಲು ಹೇಳಿದರೂ ಸಾವಿನ ಲೆಕ್ಕ ಇಳಿಯುವುದಿಲ್ಲ.